ಮೊದಲು ಬರೆಯಿರಿ, ಆಮೇಲೆ ತೊಳೆಯಿರಿ: ಮಲೆನಾಡಿನ ಮನೆಯ ಹಳೆಯ ವಸ್ತುಗಳನ್ನು ಕಾಪಾಡುವ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಹಿತ್ತಾಳೆ ಕೊಳದಪ್ಪಲೆಗೆ ಹೆಸರಿತ್ತು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು. ಮುತ್ತಜ್ಜಿಯ ಹೆಸರು, ಅವರ ತವರೂರು, ಯಾವುದೋ ಸಂವತ್ಸರ. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ಆಗಿನ ವಾಡಿಕೆ. ಗೃಹಪ್ರವೇಶಕ್ಕೆ ಪಾತ್ರೆ ಥಳಥಳ ಹೊಳೆಯಲಿ ಅಂತ ನಾನು ಅದನ್ನು ಪೇಟೆಯ ಒಂದು ಅಂಗಡಿಗೆ ಪಾಲಿಶ್‌ಗೆ ಕೊಟ್ಟೆ. ಬಫಿಂಗ್ ಯಂತ್ರಕ್ಕೆ ಹಿಡಿದು ಕನ್ನಡಿ ಮಾಡಿ ಕೊಟ್ಟರು. ಹೆಸರು ಹೋಗಿತ್ತು. ಅಂಗಡಿಯವರನ್ನು ಬೈಯುವ ಹಾಗೂ ಇಲ್ಲ, ಹೊಳೆಯಲಿ ಅಂದವಳು ನಾನೇ. ಮುತ್ತಜ್ಜಿಯ ತವರು ಬೇಲೂರು ಕಡೆಯೋ ಆಲೂರು ಕಡೆಯೋ ಅಂತ ಈಗಲೂ ಮನೆಯಲ್ಲಿ ವಾದ ಮುಗಿದಿಲ್ಲ.

ನಮ್ಮ ಕಡೆ ಹಳೆಯ ವಸ್ತು ಹಾಳಾಗುವುದು ಮಳೆಯಿಂದ ಅನ್ನುತ್ತಾರೆ. ನಿಜವೇ. ಆದರೆ ನಾನು ನೋಡಿದ ಮಟ್ಟಿಗೆ ಮಳೆಗಿಂತ ಜಾಸ್ತಿ ಹಾಳು ಮಾಡಿದ್ದು ನಮ್ಮ ಉತ್ಸಾಹ. ತಿಕ್ಕಿದ್ದು, ಎಣ್ಣೆ ಹಚ್ಚಿದ್ದು, ಲ್ಯಾಮಿನೇಷನ್ ಮಾಡಿಸಿದ್ದು, ಕರಗಿಸಿ ಹೊಸ ಡಿಸೈನ್ ಮಾಡಿಸಿದ್ದು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ತೊಳೆಯುವ ವಿಷಯ ಸ್ವಲ್ಪ ತಡವಾಗಿ ಬರುತ್ತದೆ. ನನ್ನ ತವರು ಹಾನುಬಾಳು ಕಡೆ, ಸೇರಿದ ಮನೆ ಮೂಡಿಗೆರೆ ಕಡೆ. ಎರಡೂ ಮನೆಯ ಅಟ್ಟ ಇಳಿಸಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಯಾವಾಗ ಅಟ್ಟ ಹತ್ತಬೇಕು

ಶಿವರಾತ್ರಿ ಕಳೆದ ಮೇಲೆ. ಅರೇಬಿಕಾ ಕಾಫಿಯ ಕುಯ್ಲು ಮುಗಿದಿರುತ್ತದೆ, ರೋಬಸ್ಟಾ ಕೂಡ ಕೊನೆಗೆ ಬಂದಿರುತ್ತದೆ. ಗಾಳಿ ಒಣಗಿರುತ್ತದೆ. ಕಾಫಿ ಹೂ ಬಿಡಿಸುವ ಹೂಮಳೆ ಬರುವ ಮೊದಲು ಸಿಗುವ ಆ ಕೆಲವು ವಾರಗಳೇ ಸರಿಯಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೆಟ್ಟಿಗೆ ಬಿಚ್ಚಿ ಹರಡುವ ಕೆಲಸಕ್ಕೆ ಹೋಗಬೇಡಿ. ಆರಿದ್ರಾ ಮಳೆಯಲ್ಲಿ ತೆರೆದ ರೇಷ್ಮೆ ಸೀರೆ ಮನೆಯ ತೇವವನ್ನೆಲ್ಲ ಕುಡಿದು ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಬೂಸ್ಟು ಹಿಡಿಯುವುದು ಆಗಲೇ.

ಕೆಲಸಕ್ಕೆ ಬೇಕಾದದ್ದು ಕಮ್ಮಿ. ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಮೆತ್ತನೆಯ ಪೆನ್ಸಿಲ್, ಬಿಳಿ ಹತ್ತಿಯ ಲಾಡಿ, ಒಗೆದು ಗಂಜಿ ಬಿಟ್ಟ ಹಳೆಯ ಪಂಚೆ, ಅಳತೆ ಟೇಪು, ಅಡುಗೆಮನೆಯ ತಕ್ಕಡಿ, ಟಾರ್ಚು, ಮೊಬೈಲ್. ಮತ್ತೆ ಮನೆಯ ಹಿರಿಯರು ಒಬ್ಬರು. ಅವರಿಲ್ಲದೆ ಶುರು ಮಾಡಬೇಡಿ.

ಮೊದಲ ಹೆಜ್ಜೆ: ಪಟ್ಟಿ

ಒಂದೊಂದೇ ವಸ್ತು ಇಳಿಸಿ. ಧೂಳು ಕೂಡ ಒರೆಸಬೇಡಿ. ಮೊದಲು ಫೋಟೋ: ಎದುರಿನಿಂದ, ಹಿಂದಿನಿಂದ, ತಳದಿಂದ. ಪಕ್ಕದಲ್ಲಿ ಸ್ಕೇಲ್ ಇಟ್ಟರೆ ಅಳತೆ ತಾನಾಗಿ ಗೊತ್ತಾಗುತ್ತದೆ. ಫ್ಲಾಶ್ ಬೇಡ, ಕಿಟಕಿ ಬೆಳಕು ಸಾಕು. ಪುಸ್ತಕದಲ್ಲಿ ಒಂದು ನಂಬರ್ ಕೊಟ್ಟು, ಅದೇ ನಂಬರ್ ಬರೆದ ಲಾಡಿಯ ತುಂಡನ್ನು ವಸ್ತುವಿಗೆ ಕಟ್ಟಿ. ಅಂಟುವ ಸ್ಟಿಕರ್ ಹಾಕಬೇಡಿ, ಅದರ ಗೋಂದು ಹಿತ್ತಾಳೆಯ ಮೇಲೂ ಕಲೆ ಬಿಡುತ್ತದೆ.

ನಂಬರ್ ಮುಂದೆ ಇಷ್ಟು ಬರೆಯಿರಿ: ಮನೆಯಲ್ಲಿ ಕರೆಯುವ ಹೆಸರು, ಯಾವ ಲೋಹ ಅಥವಾ ಬಟ್ಟೆ, ಅಳತೆ, ತೂಕ, ಎಲ್ಲಿ ಒಡೆದಿದೆ, ಯಾರಿಂದ ಬಂತು, ಯಾವಾಗ ಬಳಸುತ್ತಿದ್ದರು. ಮನೆಯಲ್ಲಿ ಕರೆಯುವ ಹೆಸರು ಮುಖ್ಯ. 'ದೊಡ್ಡ ಹಂಡೆ' ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಒಂದು ಹಂಡೆಗೆ 'ಬಾಣಂತಿ ಹಂಡೆ' ಅಂತಲೇ ಹೆಸರು. ಅದರಲ್ಲಿ ಕಾದ ನೀರಿನಲ್ಲಿ ಮನೆಯ ನಾಲ್ಕು ತಲೆಮಾರಿನ ಮಕ್ಕಳು ಮಿಂದಿದ್ದಾರೆ.

ಹಿರಿಯರನ್ನು ಕೇಳುವಾಗ ಒಂದು ಉಪಾಯ. 'ನಿಮ್ಮ ಕಾಲದ ಬಗ್ಗೆ ಹೇಳಿ' ಅಂದರೆ 'ಏನಿದೆ ಹೇಳೋದು' ಅಂದುಬಿಡುತ್ತಾರೆ. ವಸ್ತುವನ್ನು ಕೈಗೆ ಕೊಡಿ. 'ಈ ಕೊಳಗದಲ್ಲಿ ಯಾರಿಗೆ ಭತ್ತ ಅಳೆದು ಕೊಡ್ತಿದ್ರು?' ಅಂತ ಕೇಳಿ. ಮೊಬೈಲ್‌ನ ರೆಕಾರ್ಡರ್ ಹಾಕಿ ಪಕ್ಕಕ್ಕಿಡಿ, ಮುಖದ ಮುಂದೆ ಹಿಡಿಯಬೇಡಿ. ನಮ್ಮತ್ತೆಯವರಿಗೆ ಪಾವು, ಸೇರು, ಬಳ್ಳ, ಕೊಳಗಗಳನ್ನು ಸಾಲಾಗಿ ಇಟ್ಟು ತೋರಿಸಿದ್ದೇ ತಡ, ಎರಡು ಗಂಟೆ ಮಾತಾಡಿದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಅನ್ನುವ ಲೆಕ್ಕದಿಂದ ಶುರುವಾಗಿ, ಯಾವ ಬರಗಾಲದಲ್ಲಿ ಯಾರ ಮನೆಗೆ ಎಷ್ಟು ಅಳೆದದ್ದು ಅನ್ನುವವರೆಗೆ.

ಕಾಲ ಗುರುತಿಸುವುದು

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ಪತ್ತೇದಾರಿಯ ಮಜಾ ಇರುವುದು ಇಲ್ಲೇ.

ಪಾತ್ರೆಯ ಮೇಲಿನ ಚುಕ್ಕಿ ಅಕ್ಷರ ಸವೆದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಬದಿಯಿಂದ, ಮೇಲ್ಮೈಗೆ ಸಮವಾಗಿ ಹಿಡಿಯಿರಿ. ಗುಳಿಗಳಲ್ಲಿ ನೆರಳು ಬಿದ್ದು ಅಕ್ಷರ ಏಳುತ್ತದೆ. ಇಲ್ಲವೇ ತೆಳುವಾದ ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಾಡಿ ಉಜ್ಜಿ. ಆ ಕಾಗದವನ್ನು ಪಟ್ಟಿಯ ಪುಸ್ತಕಕ್ಕೆ ಸೇರಿಸಿ. ಬಫಿಂಗ್‌ಗೆ ಮೊದಲು ನಾನು ಇದೊಂದು ಮಾಡಿದ್ದರೆ ಸಾಕಿತ್ತು.

ಇಸವಿ ಬದಲು ಸಂವತ್ಸರದ ಹೆಸರು ಇದ್ದರೆ ಲೆಕ್ಕ ಸುಲಭ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ರಭವ ಸಂವತ್ಸರ ಶುರುವಾದದ್ದು 1987ರ ಯುಗಾದಿಗೆ, ಅದಕ್ಕೂ ಹಿಂದೆ 1927ಕ್ಕೆ, ಅದಕ್ಕೂ ಹಿಂದೆ 1867ಕ್ಕೆ. ಅಲ್ಲಿಂದ ಪಂಚಾಂಗ ನೋಡಿ ಎಣಿಸಿ. ನಮ್ಮ ಒಂದು ತಂಬಿಗೆಯ ಮೇಲೆ 'ಯುವ ಸಂ॥' ಅಂತಿತ್ತು. ಯುವ ಅಂದರೆ ಒಂಬತ್ತನೆಯದು. ಹಾಗಾಗಿ 1935–36 ಅಥವಾ 1995–96. ಅಜ್ಜಿಯ ಮದುವೆಯ ತಂಬಿಗೆ 1995ರದ್ದು ಆಗಿರಲು ಸಾಧ್ಯವಿಲ್ಲ, ಅಲ್ವಾ?

ಕಾಗದಪತ್ರಗಳಲ್ಲಿ ಊರಿನ ಹೆಸರೇ ಕಾಲ ಹೇಳುತ್ತದೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಅನ್ನುತ್ತಿದ್ದರು. ಸಕಲೇಶಪುರದ ಕಡೆಯ ಹಳೆಯ ಪತ್ರಗಳಲ್ಲಿ ಮಂಜರಾಬಾದ್ ತಾಲ್ಲೂಕು ಅಂತ ಇರುತ್ತದೆ. ಬೆಲೆ ಆಣೆ, ಪೈಗಳಲ್ಲಿ ಇದ್ದರೆ ಬಹುಪಾಲು 1957ಕ್ಕಿಂತ ಹಿಂದಿನದು. ಆ ವರ್ಷ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಆಮೇಲೂ ಕೆಲವು ಕಾಲ ಜನ ಆಣೆಯಲ್ಲೇ ಬರೆದದ್ದುಂಟು, ಹಾಗಾಗಿ ಇದೊಂದನ್ನೇ ನಂಬಬೇಡಿ.

ಹೇಮಾವತಿ ಹಿನ್ನೀರಿನಿಂದ ಎದ್ದು ಬಂದ ಕುಟುಂಬದವರಾದರೆ ಪಟ್ಟಿಯಲ್ಲಿ ಇನ್ನೊಂದು ಕಲಂ ಸೇರಿಸಿ: ಯಾವ ಊರಿನ, ಯಾವ ಮನೆಯ ವಸ್ತು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಎಷ್ಟೋ ಊರು ನೀರೊಳಗೆ ಹೋದವು. ಶೆಟ್ಟಿಹಳ್ಳಿಯ ಚರ್ಚು ಬೇಸಿಗೆಯಲ್ಲಾದರೂ ಮೇಲೆ ಕಾಣುತ್ತದೆ. ಉಳಿದ ಊರುಗಳ ಪಾಲಿಗೆ ಇಂಥ ಬಾಗಿಲ ಚಿಲಕ, ಹಂಡೆ, ಕಂದಾಯದ ರಸೀದಿಯೇ ಗುರುತು.

ಹಿತ್ತಾಳೆ, ತಾಮ್ರ, ಕಂಚು

ಬರೆದಾಯಿತು, ಈಗ ತೊಳೆಯಬಹುದು.

ಹುಣಸೆಹಣ್ಣು ಒಳ್ಳೆಯದೇ. ಅದರ ಹುಳಿ ಕಪ್ಪು ಪದರವನ್ನು ಕರಗಿಸುತ್ತದೆ. ಆದರೆ ಪ್ರತಿ ಸಲ ಕಪ್ಪಿನ ಜೊತೆ ಒಂದಿಷ್ಟು ಲೋಹವೂ ಹೋಗುತ್ತದೆ. ದಿನ ಬಳಸುವ ಚೊಂಬಿಗೆ ಪರವಾಗಿಲ್ಲ. ಕೆತ್ತನೆ ಇರುವ ದೀಪದ ಕಂಬಕ್ಕೆ, ಹೆಸರಿರುವ ಪಾತ್ರೆಗೆ ವರ್ಷಕ್ಕೊಂದು ಸಲ ಸಾಕು. ಹುಣಸೆ ನೀರನ್ನು ಬಟ್ಟೆಯಲ್ಲಿ ಅದ್ದಿ ಸವರಿ, ಎರಡು ನಿಮಿಷದಲ್ಲಿ ತೊಳೆದುಬಿಡಿ. ಹುಳಿ ಉಳಿದರೆ ನಾಳೆಗೆ ಹಸಿರು ಕಿಲುಬು ಬರುತ್ತದೆ. ತೊಳೆದ ಮೇಲೆ ಒರೆಸಿ, ಬಿಸಿಲಲ್ಲಿ ಒಂದು ಗಂಟೆ ಇಡಿ. ಸ್ಟೀಲ್ ಉಜ್ಜುಗ, ಮರಳು, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹತ್ತಿರವೂ ಬರಕೂಡದು. ಆ್ಯಸಿಡ್ ಹಾಕಿದರೆ ಹಿತ್ತಾಳೆಯೊಳಗಿನ ಸತು ಕರಗಿ ಪಾತ್ರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ವಾಪಸ್ ಬರುವುದಿಲ್ಲ.

ಪೂಜೆಯ ವಿಗ್ರಹವನ್ನು ತಿಕ್ಕುವುದರಲ್ಲಂತೂ ಕೈ ಹಿಡಿತದಲ್ಲಿರಲಿ. ಮೂಗು, ಕಣ್ಣು ಸವೆದು ಹೋದ ಎಷ್ಟು ದೇವರನ್ನು ನೋಡಿಲ್ಲ ನಾವು!

ಅಡುಗೆಗೆ ಬಳಸುವುದಾದರೆ ಕಲಾಯಿ ಬೇಕೇ ಬೇಕು. ಹುಳಿ, ಸಾರು, ಮಜ್ಜಿಗೆ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಕಿಲುಬಿ ವಿಷವಾಗುತ್ತದೆ. ಕಲಾಯಿ ಅಂದರೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಹತ್ತಿಯಿಂದ ಬಳಿಯುವುದು. ಶುದ್ಧ ತವರವೇ ಹಾಕಿ, ಸೀಸ ಬೆರೆಸಿದ್ದು ಬೇಡ ಅಂತ ಬಾಯಿಬಿಟ್ಟು ಹೇಳಿ. ಒಳಗೆ ಕೆಂಪು ಅಥವಾ ಹಳದಿ ಇಣುಕಿದರೆ ಮತ್ತೆ ಹಾಕಿಸುವ ಸಮಯ ಬಂತು ಅಂತ ಅರ್ಥ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಗೆ ಬಿಸಿನೀರು, ಅಡುಗೆ ಸೋಡಾ ಹಾಕಿ ಬೆಳ್ಳಿಯನ್ನು ಹಾಳೆಗೆ ತಾಗುವಂತೆ ಮುಳುಗಿಸಿದರೆ ಕಪ್ಪು ಹಾಳೆಗೆ ಇಳಿಯುತ್ತದೆ. ಬೆಳ್ಳಿ ಸವೆಯುವುದಿಲ್ಲ. ಕಲ್ಲು, ಅರಗು ಇರುವ ಬೆಳ್ಳಿಗೆ ಮಾತ್ರ ಇದು ಬೇಡ.

ಕಲ್ಲು ಮರಿಗೆ ಇದ್ದರೆ ನೀವು ಅದೃಷ್ಟವಂತರು. ಅದು ಬಳಪದ ಕಲ್ಲು, ಬೇಲೂರು ಹಳೇಬೀಡಿನಲ್ಲಿ ಹೊಯ್ಸಳರು ಶಿಲ್ಪ ಕಡೆದ ಜಾತಿಯದೇ. ಉಗುರಿನಿಂದ ಗೀರುವಷ್ಟು ಮೆತ್ತಗೆ. ಬಿಸಿ ಮರಿಗೆಗೆ ತಣ್ಣೀರು ಸುರಿದರೆ ಬಿರಿಯುತ್ತದೆ, ಅಷ್ಟು ನೆನಪಿಟ್ಟರೆ ಸಾಕು.

ರೇಷ್ಮೆ ಸೀರೆ

ಅಜ್ಜಿಯ ಮದುವೆ ಸೀರೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು ಬೀರುವಿನಲ್ಲಿ ಭದ್ರ ಮಾಡಿದ್ದೇವೆ ಅನ್ನುವವರು ಬಹಳ. ಮಲೆನಾಡಿನಲ್ಲಿ ಅದು ಭದ್ರ ಅಲ್ಲ. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಬೂಸ್ಟು ಬರುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬಿಳಿ ಪಂಚೆ ಇದಕ್ಕೆ ಹೇಳಿ ಮಾಡಿಸಿದ್ದು.

ಮಡಿಕೆಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬೇರೆ ಜಾಗದಲ್ಲಿ ಹಾಕಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಅಲ್ಲೇ ಹರಿಯುತ್ತದೆ, ಜರಿ ಮೊದಲು. ಇನ್ನೂ ಒಳ್ಳೆಯದು ಮಡಿಸದೆ ಸುತ್ತುವುದು. ಒಂದು ಅಗಲವಾದ ರಟ್ಟಿನ ಕೊಳವೆಗೆ ಬಟ್ಟೆ ಹೊದಿಸಿ ಅದರ ಮೇಲೆ ಸೀರೆ ಸುತ್ತಿ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಗೆ ಹಾಕಿ. ನುಸಿಗುಳಿಗೆ ಜರಿಗೆ ತಾಗಕೂಡದು, ಜರಿ ಕಪ್ಪಾಗುತ್ತದೆ. ಅದರ ಬದಲು ಬಜೆ ಬೇರು, ಒಣಗಿದ ಬೇವಿನೆಲೆ, ಲವಂಗ ಇವುಗಳನ್ನು ಚಿಕ್ಕ ಗಂಟು ಕಟ್ಟಿ ಮೂಲೆಯಲ್ಲಿಡಿ. ವಾಸನೆ ಹೋದಾಗ ಬದಲಿಸಿ.

ಸೀರೆಯಲ್ಲಿ ಹುಳ ಕಂಡರೆ ಗಾಬರಿ ಬೇಡ. ಪೂರ್ತಿ ಒಣಗಿಸಿ, ಗಾಳಿ ಆಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಫ್ರಿಜ್‌ನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ಮೀನಿನ ಪಕ್ಕ ಅಜ್ಜಿಯ ಧಾರೆ ಸೀರೆ ಇಟ್ಟದ್ದಕ್ಕೆ ನನಗೆ ಮನೆಯಲ್ಲಿ ಸಾಕಷ್ಟು ಮಂಗಳಾರತಿ ಆಯಿತು. ಹುಳ ಮಾತ್ರ ಸತ್ತವು.

'ಹಳೇ ಜರಿ ಸೀರೆ ಕೊಳ್ತೀವಿ' ಅಂತ ಬರುವವರಿಗೆ ಬೇಕಾಗಿರುವುದು ಸೀರೆಯಲ್ಲ. ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಕೊಡುವುದಾದರೆ ಅದು ಗೊತ್ತಿದ್ದು ಕೊಡಿ. ಉಡಲು ಆಗದಷ್ಟು ಹರಿದಿದ್ದರೆ ಸೆರಗನ್ನಾದರೂ ಉಳಿಸಿಕೊಳ್ಳಿ.

ಚಿನ್ನ

ಕರಗಿಸುವ ಮೊದಲು ಒಂದು ವರ್ಷ ಕಾಯಿರಿ. ಇದು ನನ್ನ ವೈಯಕ್ತಿಕ ಕಾನೂನು. ಅಡ್ಡಿಕೆ, ಅವಲಕ್ಕಿ ಸರ, ಬುಗುಡಿ, ಜಡೆಬಿಲ್ಲೆ ಮಾಡುವ ಕೈಗಳು ಈಗ ಬಹಳ ಕಮ್ಮಿ.

ಹಳೆಯ ಒಡವೆಯ ಒಳಗೆ ಎಷ್ಟೋ ಸಲ ಅರಗು ತುಂಬಿರುತ್ತದೆ. ಹಾಗಾಗಿ ತಕ್ಕಡಿಯ ತೂಕವೇ ಚಿನ್ನದ ತೂಕವಲ್ಲ. ಬಿಸಿನೀರಿಗೆ ಹಾಕಿದರೆ ಅರಗು ಮೆತ್ತಗಾಗಿ ಆಕಾರ ಕೆಡುತ್ತದೆ. ಹಿಂಬದಿ ಮುಚ್ಚಿದ ಕೆಂಪಿನ ಓಲೆ, ಪದಕಗಳಿಗೆ ನೀರೇ ತಾಗಿಸಬೇಡಿ. ಕಲ್ಲಿನ ಹಿಂದೆ ಹೊಳಪಿನ ತಗಡು ಇರುತ್ತದೆ, ನೀರು ಒಳಗೆ ಹೋದರೆ ಕಲ್ಲು ಸತ್ತಂತೆ ಕಾಣುತ್ತದೆ. ಒಣ ಬ್ರಷ್ ಸಾಕು. ಮುತ್ತಿಗೆ ನಿಂಬೆ, ಹುಣಸೆ, ಸೆಂಟು ಯಾವುದೂ ಆಗದು. ಅದು ಸುಣ್ಣದ ಜಾತಿ, ಹುಳಿಗೆ ಕರಗುತ್ತದೆ.

ಕಾಸಿನ ಸರದಲ್ಲಿ ರಾಜನ ತಲೆಯ ನಾಣ್ಯ ಇದ್ದರೆ ಒಂದನ್ನು ತೂಗಿ ನೋಡಿ. ಬ್ರಿಟಿಷ್ ಸವರನ್ ಆಗಿದ್ದರೆ 22 ಕ್ಯಾರೆಟ್, ತೂಕ 7.98 ಗ್ರಾಂ. ಹಗುರ ಇದ್ದರೆ ಅಕ್ಕಸಾಲಿಗರು ಅದೇ ಅಚ್ಚಿನಲ್ಲಿ ಒತ್ತಿದ ಬಿಲ್ಲೆ ಇರಬಹುದು, ಅದರಲ್ಲೂ ತಪ್ಪೇನಿಲ್ಲ.

ಮಾರುವುದೋ ಬದಲಿಸುವುದೋ ಆದರೆ ಮೊದಲು ಹಾಲ್‌ಮಾರ್ಕ್ ಪರೀಕ್ಷಾ ಕೇಂದ್ರದಲ್ಲಿ ಶುದ್ಧತೆ ನೋಡಿಸಿ ಚೀಟಿ ತೆಗೆದುಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ. ಆದಾಯ ತೆರಿಗೆ ಬಗ್ಗೆ ಹೆದರುವವರಿಗೆ ಒಂದು ಮಾತು: ತಪಾಸಣೆ ವೇಳೆ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಗಂಡಸಿನ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬಾರದು ಅಂತ 1994ರ ಸೂಚನೆ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ಪಿತ್ರಾರ್ಜಿತ ಅಂತ ತೋರಿಸಲು ಹಳೆಯ ಫೋಟೋ, ವಿಲ್, ನಿಮ್ಮ ಪಟ್ಟಿಯ ಪುಸ್ತಕ ಕೆಲಸಕ್ಕೆ ಬರುತ್ತವೆ.

ಬ್ಯಾಂಕ್ ಲಾಕರ್ ಚಿನ್ನಕ್ಕೆ ಸರಿ. ಕಳ್ಳತನ, ಬೆಂಕಿ, ಸಿಬ್ಬಂದಿಯ ಮೋಸದಿಂದ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿಗೆ ಸೀಮಿತ, ನೆನಪಿರಲಿ. ಸೀರೆ, ಕಾಗದ ಅಲ್ಲಿ ಇಡಬೇಡಿ. ಗಾಳಿ ಆಡುವುದಿಲ್ಲ.

ಓಲೆಗರಿ, ಕಡತ, ಕಾಗದ

1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಶೃಂಗೇರಿಯಲ್ಲಿ ಒಂದು ಕಾಗದದ ಕಟ್ಟು ಸಿಕ್ಕಿತು. ಬಿಚ್ಚಿದರೆ ಟಿಪ್ಪು ಸುಲ್ತಾನ ಮಠಕ್ಕೆ ಬರೆದ ಪತ್ರಗಳು. ಕಟ್ಟಿನ ಒಳಗೆ ಏನಿದೆ ಅಂತ ಗೊತ್ತಾಗುವವರೆಗೆ ಎಸೆಯಬೇಡಿ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಓಲೆಗರಿ ಸಿಕ್ಕಿದರೆ ಬಗ್ಗಿಸಬೇಡಿ. ಗರಿ ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ. ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆದು, ಎರಡು ಮರದ ಹಲಗೆಯ ನಡುವೆ ಇಟ್ಟು, ಹತ್ತಿ ಬಟ್ಟೆಯಲ್ಲಿ ಕಟ್ಟಿ. ಗರಿ ಮೆತ್ತಗಿರಲು ಮಜ್ಜಿಗೆ ಹುಲ್ಲಿನ ಎಣ್ಣೆ ಸವರುವ ಕ್ರಮ ಇದೆ. ಅದನ್ನು ತಿಳಿದವರ ಕೈಯಿಂದ ಮಾಡಿಸಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಜಿರಳೆಗೆ ಊಟ ಬಡಿಸಿದಂತೆ. ಮಹಾನವಮಿಯ ಪುಸ್ತಕ ಪೂಜೆಯಲ್ಲಿ ಗರಿಯ ಮೇಲೆಯೇ ಕುಂಕುಮ, ಒದ್ದೆ ಹೂ ಹಾಕುವುದು ನಮ್ಮಲ್ಲಿ ಸಾಮಾನ್ಯ. ಸುತ್ತಿದ ಬಟ್ಟೆಯ ಮೇಲೆ ಒಂದು ಬಾಳೆಲೆ ಇಟ್ಟು ಅದರ ಮೇಲೆ ಹಾಕಿ. ಸರಸ್ವತಿಗೆ ಬೇಸರ ಆಗುವುದಿಲ್ಲ.

ಕಡತ ಕಂಡರೆ ಇನ್ನೂ ಹುಷಾರು. ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಬಳಪದಿಂದ ಬರೆದಿರುತ್ತಾರೆ. 'ಧೂಳಾಗಿದೆ' ಅಂತ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸ್ಲೇಟು ಒರೆಸಿದ ಹಾಗೆಯೇ. ತೆರೆದ ತಕ್ಷಣ ಫೋಟೋ, ಆಮೇಲೆ ಉಳಿದದ್ದು. ಓದಿಸಲು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ, 1891ರಲ್ಲಿ ಶುರುವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲೇ. ಹಾಸನದ ಕಡೆಯವರಿಗೆ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ ಹತ್ತಿರ. ಅಲ್ಲೂ ಓಲೆಗರಿಗಳ ಸಂಗ್ರಹ ಇದೆ.

ಕಾಗದಗಳಿಗೆ: ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ತೆಗೆಯಿರಿ. ಸೆಲ್ಲೋಟೇಪ್ ಹಾಕಬೇಡಿ. ಲ್ಯಾಮಿನೇಷನ್ ಎಂದೆಂದಿಗೂ ಬೇಡ, ಅದನ್ನು ಬಿಡಿಸಲು ಆಗುವುದಿಲ್ಲ. ಮಳೆಗೆ ನೆನೆದ ಕಾಗದದ ಕಟ್ಟನ್ನು ಒದ್ದೆಯಿದ್ದಾಗ ಬಿಡಿಸಲು ಹೋಗಬೇಡಿ. ಇಡೀ ಕಟ್ಟನ್ನು ಫ್ರೀಜರ್‌ಗೆ ಹಾಕಿ ಕಾಲ ಕೊಂಡುಕೊಳ್ಳಿ. ಆಮೇಲೆ ಸ್ವಲ್ಪ ಸ್ವಲ್ಪ ಹೊರತೆಗೆದು ಬಿಳಿ ಕಾಗದದ ನಡುವೆ, ಫ್ಯಾನ್ ಗಾಳಿಯಲ್ಲಿ ಒಣಗಿಸಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳಿಗೆ ಕೆಸರು ನುಗ್ಗಿದಾಗ ನಮಗೆ ಇದು ಗೊತ್ತಿರಲಿಲ್ಲ. ನೆಂಟರ ಮನೆಯ ಪತ್ರಗಳನ್ನು ಒಲೆಯ ಮುಂದೆ ಹರಡಿ ಒಣಗಿಸಿದೆವು. ಅರ್ಧ ಹಪ್ಪಳದ ಹಾಗೆ ಮುರಿದವು.

ಫೋಟೋದ ಹಿಂದೆ ಹೆಸರು ಬರೆಯಲು ಪೆನ್ಸಿಲ್ ಮಾತ್ರ. ಗಾಜಿಗೆ ಅಂಟಿದ ಫೋಟೋ ಇದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. 600 ಡಿಪಿಐ ಇರಲಿ. ಸ್ಕ್ಯಾನ್‌ನ ಒಂದು ಪ್ರತಿ ನಿಮ್ಮಲ್ಲಿ, ಒಂದು ಬೇರೆ ಊರಿನ ಅಕ್ಕನೋ ತಮ್ಮನೋ ಹತ್ತಿರ, ಒಂದು ಆನ್‌ಲೈನ್‌ನಲ್ಲಿ.

ಎಲ್ಲಿ ಇಡುವುದು

ಹಳೆಯ ಮನೆಯಲ್ಲಿ ಅಟ್ಟ ಅಡುಗೆಮನೆಯ ಮೇಲಿರುತ್ತಿತ್ತು. ಸೌದೆ ಒಲೆಯ ಹೊಗೆ ಏರಿ ಏರಿ ಅಲ್ಲಿದ್ದ ಮರ, ಬುಟ್ಟಿ, ಮಳೆಗೆ ಹೊದೆಯುವ ಗೊರಬು ಯಾವುದಕ್ಕೂ ಹುಳ ಮುಟ್ಟುತ್ತಿರಲಿಲ್ಲ. ಗ್ಯಾಸ್ ಬಂತು, ಹೊಗೆ ನಿಂತಿತು. ಅಟ್ಟ ಮಾತ್ರ ಅದೇ ಜಾಗದಲ್ಲಿದೆ, ಈಗ ಗೆದ್ದಲಿಗೂ ಮರ ಕೊರೆಯುವ ಕುಟ್ಟೆ ಹುಳಕ್ಕೂ ಅರಮನೆ. ಅಜ್ಜಿಯ ಕಾಲದಲ್ಲಿ ಸುರಕ್ಷಿತವಾಗಿದ್ದ ಜಾಗ ಈಗಲೂ ಹಾಗೇ ಅಂದುಕೊಳ್ಳಬೇಡಿ.

ಮಳೆಗಾಳಿ ಹೊಡೆಯುವ ಪಡುವಣ ಗೋಡೆಗೆ ಬೀರು ಒರಗಿಸಬೇಡಿ. ನೆಲದಿಂದ ಅರ್ಧ ಅಡಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ. ತೇವ ಅಳೆಯುವ ಚಿಕ್ಕ ಮೀಟರ್ ಕೊಂಡರೆ ಒಳ್ಳೆಯದು. ಶೇ. 65 ದಾಟಿ ಅಲ್ಲೇ ನಿಂತರೆ ಬೂಸ್ಟು ಗ್ಯಾರಂಟಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸಿ. ಬೀಟೆ ಸಂದೂಕದ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಕುಟ್ಟೆ ಕೆಲಸ ಮಾಡುತ್ತಿದೆ. ಆ ಪೆಟ್ಟಿಗೆಯನ್ನು ಅಂದೇ ಬೇರೆ ಕೋಣೆಗೆ ಹಾಕಿ.

ಮುಟ್ಟುವ ಮೊದಲು ಕಾನೂನು ನೋಡಬೇಕಾದವು

ಇದು ನಮ್ಮ ಕಡೆಯ ಮನೆಗಳಿಗೇ ಬರುವ ತಲೆನೋವು. ಜಗುಲಿಯ ಗೋಡೆಯ ಕಾಟಿ (ಕಾಡುಕೋಣ) ಕೊಂಬು, ಜಿಂಕೆ ಕೊಂಬು, ಮಗುವಿನ ಸರದಲ್ಲಿ ಹುಲಿ ಉಗುರು. 'ತಾತನ ಕಾಲದ್ದು' ಅಂದರೆ ಸಾಕಾಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಡೆತನದ ಪ್ರಮಾಣಪತ್ರ ಬೇಕು. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬಿಗೂ ಇದೇ ಮಾತು. ಪ್ರಮಾಣಪತ್ರ ಇರುವ ವಸ್ತು ವಾರಸುದಾರರಿಗೆ ಬಂದರೆ 90 ದಿನದೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪತ್ರವೇ ಇಲ್ಲದಿದ್ದರೆ ಬಚ್ಚಿಡುವುದು, ಮಾರುವುದು ಎರಡೂ ಬೇಡ. ವಕೀಲರನ್ನು ಕೇಳಿ ಒಪ್ಪಿಸುವ ದಾರಿ ನೋಡಿ. 2023ರಲ್ಲಿ ಹುಲಿ ಉಗುರಿನ ಗಲಾಟೆ ಆದಾಗ ನಮ್ಮ ಸುತ್ತಮುತ್ತ ಎಷ್ಟು ಸರಗಳು ರಾತ್ರೋರಾತ್ರಿ ಮಾಯವಾದವೋ!

ಕೋವಿಯೂ ಹಾಗೇ. ಲೈಸೆನ್ಸ್ ಮನುಷ್ಯನಿಗೆ, ಮನೆಗಲ್ಲ. ಕೊಡವರಿಗೆ ಇರುವ ಲೈಸೆನ್ಸ್ ವಿನಾಯಿತಿ ನಮಗಿಲ್ಲ. ಲೈಸೆನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಪೊಲೀಸ್ ಠಾಣೆಯಲ್ಲೋ ಅಧಿಕೃತ ಡೀಲರ್ ಹತ್ತಿರವೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ತಿಥಿ ಮುಗಿದ ಮೇಲೆ ನೋಡೋಣ ಅಂತ ಗೋಡೆಯಲ್ಲೇ ಬಿಡಬೇಡಿ.

ನೂರು ವರ್ಷ ದಾಟಿದ ವಿಗ್ರಹ, ದೀಪ, ಚಿತ್ರ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತು ಲೆಕ್ಕಕ್ಕೆ ಬರುತ್ತವೆ. ಅಮೆರಿಕದ ಮಗಳ ಸೂಟ್‌ಕೇಸ್‌ಗೆ ಅಜ್ಜಿಯ ಕಂಚಿನ ದೀಪ ಹಾಕಿ ಕಳಿಸುವ ಮೊದಲು ಇದು ಗೊತ್ತಿರಲಿ. ಅಷ್ಟು ಹಳೆಯದಲ್ಲದಿದ್ದರೆ ಪುರಾತತ್ವ ಇಲಾಖೆಯಿಂದ 'ಪುರಾವಸ್ತು ಅಲ್ಲ' ಅನ್ನುವ ಪತ್ರ ಮಾಡಿಸಿ.

ಹಂಚುವುದು

ಕಾಫಿ ತೋಟ ಎಕರೆ ಲೆಕ್ಕದಲ್ಲಿ ಹಂಚಿ ಹೋಗುತ್ತದೆ. ಜಗಳ ಆಗುವುದು ಒಂದು ಜೊತೆ ಬಳೆಗೆ.

ಹಿರಿಯರು ಕೈಯಲ್ಲಿ ಶಕ್ತಿ ಇರುವಾಗಲೇ ಕೊಟ್ಟುಬಿಡುವುದು ಒಳ್ಳೆಯದು. ಪಾತ್ರೆ, ಒಡವೆಯಂಥ ಚರ ವಸ್ತುವನ್ನು ದಾನ ಕೊಡಲು ನೋಂದಣಿ ಬೇಕೆಂದಿಲ್ಲ, ಕೈಗೆ ಒಪ್ಪಿಸಿದರೂ ದಾನವೇ. ಆದರೂ ಒಂದು ಸಾಲು ಬರೆದು ಸಹಿ ಮಾಡಿಡಿ. ವಿಲ್ ಬರೆದರೆ ಇಬ್ಬರು ಸಾಕ್ಷಿಗಳು ಬೇಕು. ಪಟ್ಟಿಯ ನಂಬರ್‌ಗಳನ್ನೇ ಅದರಲ್ಲಿ ಬಳಸಿ. 'ನನ್ನ ಸರ' ಅಂತ ಬರೆದರೆ ಯಾವ ಸರ ಅಂತ ಕೋರ್ಟು ಕೇಳುತ್ತದೆ. ಹೆಣ್ಣಿಗೆ ತವರಿನಿಂದ ಬಂದ ಬಳುವಳಿ ಅವಳದ್ದೇ, ಗಂಡನ ಮನೆಯ ಪಾಲಿಗೆ ಸೇರಿಸಬೇಡಿ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿ ಆದ ಮೇಲೆ ಮಗಳ ಪಾಲೂ ಮಗನಷ್ಟೇ.

ನಾವು ಮಾಡಿದ್ದು ಹೀಗೆ. ಎಲ್ಲರೂ ಒಂದೊಂದು ಚೀಟಿಯಲ್ಲಿ ತಮಗೆ ಬೇಕೇ ಬೇಕು ಅನ್ನಿಸಿದ ಎರಡು ವಸ್ತು ಬರೆದೆವು, ಬೆಲೆ ನೋಡದೆ. ಆಶ್ಚರ್ಯ ಅಂದರೆ ಎರಡೇ ಕಡೆ ಘರ್ಷಣೆ ಆಯಿತು. ಅಲ್ಲಿ ಚೀಟಿ ಎತ್ತಿದೆವು. ಉಳಿದದ್ದನ್ನು ಸರದಿ ಪ್ರಕಾರ ಆರಿಸಿಕೊಂಡೆವು. ಒಂದು ಸೆಟ್ಟನ್ನು ಒಡೆಯಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಪಾವು ಸೇರು ಕೊಳಗ ಹಾಗಾಗಿ ಒಟ್ಟಿಗೇ ಉಳಿದವು. ಪುಸ್ತಕದ ಜೆರಾಕ್ಸ್ ಎಲ್ಲರಿಗೂ.

ಕೊಳದಪ್ಪಲೆಗೆ ನಾನೂ ತಮ್ಮನೂ ಇಬ್ಬರೂ ಬರೆದಿದ್ದೆವು. ಚೀಟಿ ಅವನಿಗೆ ಬಂತು. ಕೊಡುವ ಹಿಂದಿನ ರಾತ್ರಿ ಟಾರ್ಚು ಹಿಡಿದು ಕೂತೆ. ಬಫಿಂಗ್ ಚಕ್ರ ಪೂರ್ತಿ ತಾಗದ ಕಂಠದ ಸಂದಿಯಲ್ಲಿ ಐದಾರು ಚುಕ್ಕಿ ಉಳಿದಿದ್ದವು. ಕಾಗದ ಒತ್ತಿ ಪೆನ್ಸಿಲ್ ಉಜ್ಜಿದೆ. ಒಂದು 'ಲೂ' ಇರಬೇಕು. ಬೇಲೂರಿನಲ್ಲೂ ಅದೇ ಲೂ, ಆಲೂರಿನಲ್ಲೂ ಅದೇ. ಪಾತ್ರೆ ಈಗ ತಮ್ಮನ ಮನೆಯ ಜಗುಲಿಯಲ್ಲಿದೆ. ಅವನ ಹೆಂಡತಿ ಅದರಲ್ಲಿ ದಾಸವಾಳ ನೆಡಬೇಕು ಅಂತಿದ್ದಾಳೆ. ನೆಡಲಿ, ಒಳಗೊಂದು ಮಣ್ಣಿನ ಕುಂಡ ಇಟ್ಟು ನೆಡಲಿ. ತಳಕ್ಕೆ ತೂತು ಹೊಡೆಸಬೇಡಿ ಅಂತ ಮಾತ್ರ ಹೇಳಿ ಬಂದಿದ್ದೇನೆ.